ಮೊಯ್ದಿನನ ಬೋಟಿಗೆ ಎಲ್‌ಇಡಿ ಬಲ್ಬು ಹಾಕಿಸಿದ್ದು

ನನ್ನ ಮಾತು ಸುಳ್ಳಾಗುವುದು ಅಪರೂಪ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಸಂಕಟದಿಂದ ಹೇಳುತ್ತಿದ್ದೇನೆ. ಹೇಳಿದ್ದೆಲ್ಲ ತಪ್ಪಾಗುವ ಜನರಿಂದ ಯಾರಿಗೂ ತೊಂದರೆಯಿಲ್ಲ. ಅವರ ಮಾತನ್ನು ಯಾರೂ ಕೇಳುವುದೇ ಇಲ್ಲ. ನನ್ನದು ಹಾಗಲ್ಲ. ಕಾಸರಗೋಡಿನ ಒಂದು ಕನ್ನಡ ಶಾಲೆಯಲ್ಲಿ ತಲೆ ನರೆಯುವವರೆಗೆ ಭೌತಶಾಸ್ತ್ರ ಹೇಳಿಕೊಟ್ಟವಳು ನಾನು. ಪೇಟೆಯಲ್ಲಿ ಮೀನು ಮಾರುವವರಿಂದ ಹಿಡಿದು ಬ್ಯಾಂಕಿನ ಮ್ಯಾನೇಜರರವರೆಗೆ ಎಲ್ಲರೂ ನನ್ನನ್ನು ಟೀಚರ್ ಎಂದೇ ಕರೆಯುತ್ತಾರೆ. ಹಾಗೆ ಕರೆಸಿಕೊಂಡವಳು ಬಾಯಿ ಮುಚ್ಚಿಕೊಂಡು ಇರುವುದು ಹೇಗೆ? ಆಟೋದವನಿಗೆ ಟಯರಿನ ಗಾಳಿಯ ಬಗ್ಗೆ, ಡಾಕ್ಟರರಿಗೆ ರಕ್ತದೊತ್ತಡದ ಯಂತ್ರದ ಬಗ್ಗೆ ಹೇಳುತ್ತಲೇ ಬಂದಿದ್ದೇನೆ. ಅವರೂ ತಲೆಯಾಡಿಸುತ್ತಲೇ ಬಂದಿದ್ದಾರೆ.

ನಾನು ನಿವೃತ್ತಳಾದ ಹೊತ್ತಿಗೆ ಸರಿಯಾಗಿ ಊರಿಗೆಲ್ಲ ಎಲ್‌ಇಡಿ ಬಲ್ಬು ಬಂತು. ಆ ಬಲ್ಬೂ ನಾನೂ ಒಬ್ಬರಿಗಾಗಿ ಒಬ್ಬರು ಕಾಯುತ್ತಿದ್ದೆವೋ ಎಂಬಂತೆ ಆಯಿತು. ಮೊದಲು ನಮ್ಮ ಮನೆಯ ದೀಪಗಳನ್ನೆಲ್ಲ ಬದಲಾಯಿಸಿದೆ. ನಮ್ಮ ಯಜಮಾನರು ಮಾತು ಕಡಿಮೆಯ ಮನುಷ್ಯ. ಬಚ್ಚಲಿನ ಕನ್ನಡಿಯಲ್ಲಿ ಆ ಬಿಳಿ ಬೆಳಕಿಗೆ ತಮ್ಮ ಮುಖ ನೋಡಿಕೊಂಡು ಹೊರಗೆ ಬಂದು, "ನನಗೆ ಇಷ್ಟು ಹುಷಾರಿಲ್ಲ ಅಂತ ಗೊತ್ತೇ ಇರಲಿಲ್ಲ" ಎಂದರು. ಅದನ್ನು ಹೊಗಳಿಕೆಯೆಂದೇ ತಿಳಿದು ನೆರೆಮನೆಗಳ ಕಡೆ ಹೊರಟೆ. ಒಂದು ಮಳೆಗಾಲ ಮುಗಿಯುವುದರೊಳಗೆ ನಮ್ಮ ಬೀದಿಯಲ್ಲಿ ಒಂದೂ ಹಳದಿ ಬಲ್ಬು ಉಳಿಯಲಿಲ್ಲ. ಆಮೇಲೆ ನನಗೆ ಮಾಡಲು ಕೆಲಸವೂ ಉಳಿಯಲಿಲ್ಲ. ಅದೇ ಸಮಯಕ್ಕೆ ಮೊಯ್ದಿನ್ ಬಂದು ನನ್ನನ್ನೂ ಯಜಮಾನರನ್ನೂ ತನ್ನ ಬೋಟಿಗೆ ಕರೆದ.

ಮೊಯ್ದಿನ್ ನನ್ನ ಹಳೆಯ ವಿದ್ಯಾರ್ಥಿ. ಕೊನೆಯ ಬೆಂಚಿನಲ್ಲಿ ಕೂತು ಕಿಟಕಿಯಿಂದ ಹೊಳೆ ನೋಡುತ್ತಿದ್ದವನು. ಮದುವೆಯಾದ ಹೊಸತರಲ್ಲೇ ಗಲ್ಫಿಗೆ ಹೋಗಿ, ಬಹಳ ವರ್ಷ ದುಡಿದು, ಕೂದಲು ತೆಳ್ಳಗಾದ ಮೇಲೆ ವಾಪಸು ಬಂದ. ಬಂದವನು ಅಂಗಡಿ ಇಡಲಿಲ್ಲ, ಜಾಗ ಕೊಳ್ಳಲಿಲ್ಲ. ಒಂದು ಹಳೆಯ ದೊಡ್ಡ ಬೋಟು ಕೊಂಡು, ಅದಕ್ಕೆ ಬಿದಿರ ಚಾಪೆಯ ಮಾಡು ಕಟ್ಟಿಸಿ, ಚಂದ್ರಗಿರಿ ಹೊಳೆಯಲ್ಲಿ ಸಂಜೆ ಹೊತ್ತು ಜನರನ್ನು ಸುತ್ತಿಸತೊಡಗಿದ. ಮೇಲೆ ಕೂತು ಗಾಳಿ ತಿನ್ನಲು ಅಟ್ಟ, ಕೆಳಗೆ ಊಟದ ಕೋಣೆ, ಅದರ ಹಿಂದೆ ಚಾಪೆಯ ಗೋಡೆಯ ಆಚೆ ಅಡುಗೆಮನೆ. ಅಡುಗೆ ಅವನ ಹೆಂಡತಿ ಆಯಿಷಾಳದು. ಸೂರ್ಯ ಮುಳುಗುವ ಹೊತ್ತಿಗೆ ಅವನು ಹೊಳೆಯ ನಡುವೆ ಇಂಜಿನ್ ನಿಲ್ಲಿಸಿ, ಊಟ ಮುಗಿಯುವವರೆಗೆ ಲಂಗರು ಹಾಕುತ್ತಿದ್ದ. ತೀರಾ ಹಿಂದೆ, ಬಾಲದ ಕಡೆಗೆ, ಒಂದು ಜನರೇಟರ್. ದೀಪಗಳೆಲ್ಲ ಅದರ ಮೇಲೆಯೇ ಉರಿಯುತ್ತಿದ್ದವು.

ಆ ಜನರೇಟರಿನ ಬೊಬ್ಬೆಯನ್ನು ಏನೆಂದು ಹೇಳಲಿ! ಊಟದ ಕೋಣೆಯಲ್ಲಿ ನಮ್ಮ ಯಜಮಾನರು ಉಪ್ಪಿನಕಾಯಿ ಕೇಳಿದರೆ ನಾನು ನೀರು ಕೊಟ್ಟೆ. ಮಾಡಿಗೆ ತೂಗುಹಾಕಿದ ಗುಂಡು ಬಲ್ಬುಗಳು ಅದರ ನಡುಕಕ್ಕೆ ತಾವೂ ನಡುಗುತ್ತ, ಮೀನಿನ ಸಾರಿನ ಮೇಲೆ ಹಳದಿ ಬೆಳಕು ಚೆಲ್ಲುತ್ತಿದ್ದವು. ಸಾರು ಮಾತ್ರ ಅದ್ಭುತವಾಗಿತ್ತು. ನಾನು ಅದನ್ನು ಹೊಗಳುವುದು ಬಿಟ್ಟು ಬಲ್ಬುಗಳನ್ನು ಎಣಿಸುತ್ತಿದ್ದೆ. ಇವನ್ನೆಲ್ಲ ತೆಗೆದು ಎಲ್‌ಇಡಿ ಹಾಕಿದರೆ ಬೋಟಿನ ಬ್ಯಾಟರಿಯೇ ಸಾಕು, ಜನರೇಟರಿನ ಅಗತ್ಯವೇ ಇಲ್ಲ ಎಂದು ತಲೆಯಲ್ಲಿ ಲೆಕ್ಕ ಮುಗಿದಿತ್ತು. ದಡಕ್ಕೆ ಬಂದ ಮೇಲೆ ಅರ್ಧ ಗಂಟೆ ಮೊಯ್ದಿನನನ್ನು ನಿಲ್ಲಿಸಿ ವಿವರಿಸಿದೆ.

"ಆಯ್ತು ಟೀಚರ್, ನೋಡುವ" ಎಂದ ಅವನು.

ನಮ್ಮ ಕಡೆ ಹುಟ್ಟಿ ಬೆಳೆದ ಯಾರಿಗಾದರೂ ಗೊತ್ತು, 'ನೋಡುವ' ಎಂದರೆ ಬೇಡ ಎಂದರ್ಥ. ಮರ್ಯಾದೆಯಿಂದ ಬೇಡ ಎನ್ನಲು ನಮಗಿರುವುದು ಅದೊಂದೇ ಶಬ್ದ. ನನಗೂ ಗೊತ್ತಿತ್ತು. ಆದರೆ ಅದನ್ನು ನನಗೆ ಹೇಳಿದಾಗ ಮಾತ್ರ ನಾನು ಅದನ್ನು ಹೌದು ಎಂದೇ ಕೇಳಿಸಿಕೊಳ್ಳುತ್ತೇನೆ. ಮರುವಾರ ವಯರಿಂಗಿನ ಸುಕುಮಾರನನ್ನು ಜೊತೆಗೆ ಕರೆದುಕೊಂಡು, ಬಲ್ಬಿನ ಡಬ್ಬ ಎದೆಗವಚಿಕೊಂಡು, ಸೀರೆ ಎತ್ತಿ ಹಿಡಿದು ಹಲಗೆಯ ಮೇಲೆ ನಡೆದು ಬೋಟು ಹತ್ತಿದೆ. ಮೊಯ್ದಿನ್ ಒಮ್ಮೆ ಡಬ್ಬವನ್ನೂ ಒಮ್ಮೆ ನನ್ನ ಮುಖವನ್ನೂ ನೋಡಿ, "ಬನ್ನಿ ಟೀಚರ್" ಎಂದ.

ಮೊದಲ ಪ್ರಯೋಗ ಕೆಟ್ಟಿತು. ನಾನು ತಂದದ್ದು ಬೆಳ್ಳಗೆ ಉರಿಯುವ ಬಲ್ಬು. ಅದರ ಕೆಳಗೆ ಆಯಿಷಾಳ ಕೆಂಪು ಸಾರು ಬೂದಿ ಕಲಸಿದ ಹಾಗೆ ಕಂಡಿತು. ಬಂದ ಅತಿಥಿಗಳಲ್ಲಿ ಒಬ್ಬರು ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದು, "ಇದು ಇವತ್ತಿನದ್ದೇ ಅಲ್ವಾ?" ಎಂದು ಕೇಳಿದರು. ಆಯಿಷಾ ಆ ದಿನ ಊಟ ಮಾಡಲಿಲ್ಲವಂತೆ. ನಾನು ಎದೆಗುಂದುವವಳೇ? ಬೆಳಕಿನ ಬಣ್ಣದ ಬಗ್ಗೆ ಗಂಡ ಹೆಂಡತಿ ಇಬ್ಬರಿಗೂ ಪಾಠ ಮಾಡಿ, ಅವನ್ನೆಲ್ಲ ವಾಪಸು ಕೊಟ್ಟು, ತುಸು ಹಳದಿ ಛಾಯೆಯ ಎಲ್‌ಇಡಿ ತಂದು ಹಾಕಿಸಿದೆ. ಈ ಸಲ ಎಲ್ಲವೂ ನಾನು ಹೇಳಿದ ಹಾಗೆಯೇ ಆಯಿತು. ಸಾರು ಕೆಂಪಾಯಿತು. ಬ್ಯಾಟರಿ ಸಾಕಾಯಿತು. ಮೊಯ್ದಿನ್ ಹೋಗಿ ಜನರೇಟರ್ ಆರಿಸಿದ.

ಆಗ ಬಂತಲ್ಲ, ಆ ಮೌನ! ಹೊಳೆಯ ನೀರು ಬೋಟಿನ ಪಕ್ಕೆಗೆ ತಾಗುವ ಸದ್ದು, ಆಚೆ ದಡದಲ್ಲಿ ಯಾರೋ ದನ ಕರೆಯುವುದು, ದೂರದ ಸೇತುವೆಯ ಮೇಲೆ ರೈಲು. ನನಗೆ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಕರಿಹಲಗೆಯ ಮೇಲೆ ಬರೆದು ಅಳಿಸಿದ ಶಾಸ್ತ್ರದಿಂದ ಇಂಥದ್ದೊಂದು ಆಗಬಹುದೆಂದು ನಾನೇ ಅಂದುಕೊಂಡಿರಲಿಲ್ಲ.

ಮೌನದಿಂದ ಸಣ್ಣಪುಟ್ಟ ತೊಂದರೆಗಳಾಗದೆ ಇರಲಿಲ್ಲ. ಒಂದು ಸಂಜೆ ಹೆಣ್ಣು ನೋಡುವ ಶಾಸ್ತ್ರಕ್ಕೆಂದು ಎರಡು ಮನೆಯವರು ಬೋಟು ಹತ್ತಿದರು. ನಾನೂ ಇದ್ದೆ, ಆ ದಿನಗಳಲ್ಲಿ ನಾನು ಬಲ್ಬು ನೋಡಿಕೊಳ್ಳುವ ನೆಪದಲ್ಲಿ ಹೆಚ್ಚುಕಡಿಮೆ ಪ್ರತಿ ಸಂಜೆ ಇರುತ್ತಿದ್ದೆ. ಹಿಂದೊಮ್ಮೆ ಜನರೇಟರ್ ಇದ್ದಾಗ ಬಂದು ಹೋದ ಅಭ್ಯಾಸವೋ ಏನೋ, ಹುಡುಗನ ಸೋದರತ್ತೆ ಪಕ್ಕದವಳ ಕಿವಿಯ ಹತ್ತಿರ ಬಾಯಿ ತಂದು, ಆದರೆ ಸ್ವರ ಇಳಿಸದೆ, "ಈ ಬಣ್ಣ ಹುಡುಗಿಯದ್ದಾ, ಲೈಟಿನದ್ದಾ?" ಎಂದರು. ಎದುರು ಕೂತ ಹುಡುಗಿಯ ತಾಯಿ ಪತ್ತಿರಿ ಎಂಬ ತೆಳ್ಳನೆಯ ಅಕ್ಕಿರೊಟ್ಟಿ ಮುರಿಯುತ್ತಲೇ, "ಲೈಟ್ ನಿಮ್ಮ ಮೇಲೆಯೂ ಬೀಳ್ತಾ ಉಂಟಲ್ಲ, ಎಂತ ಪ್ರಯೋಜನ ಆಯ್ತು?" ಎಂದರು. ಮೊಯ್ದಿನ್ ಹೊಳೆ ಕಡಲು ಸೇರುವ ಅಳಿವೆಯವರೆಗೂ ಹೋಗದೆ ಬೋಟು ತಿರುಗಿಸಿದ. ನಾನು ಮನೆಗೆ ಬಂದು ಯಜಮಾನರಿಗೆ ಹೇಳಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನನ್ನ ಸರದಿ ಬರಲಿದೆಯೆಂದು ಗೊತ್ತಿರಲಿಲ್ಲ.

ಅದೂ ಒಂದು ಸಂಜೆಯೇ. ಅತಿಥಿಗಳು ಅಟ್ಟದ ಮೇಲೆ ಸೂರ್ಯ ಮುಳುಗುವುದನ್ನು ನೋಡುತ್ತಿದ್ದರು. ನಾನು ಕೆಳಗಿನ ಕೋಣೆಯಲ್ಲಿ ಬೆಂಚಿನ ಮೇಲೆ ನಿಂತು, ಮಿಣುಕುತ್ತಿದ್ದ ಒಂದು ಬಲ್ಬನ್ನು ಬಿಚ್ಚುತ್ತಿದ್ದೆ. ಚಾಪೆಯ ಆಚೆ ಗಂಡ ಹೆಂಡತಿ ಮಾತಾಡುತ್ತಿದ್ದರು. ಅವರು ಆಡಿದ್ದು ಬ್ಯಾರಿ ಭಾಷೆಯಲ್ಲಿ. ಅದು ನನಗೆ ಚೆನ್ನಾಗಿ ಬರುತ್ತದೆ. ಆ ದಿನ ಬಾರದಿದ್ದರೆ ಎಷ್ಟು ಒಳ್ಳೆಯದಿತ್ತು.

"ಟೀಚರ್ ಎಲ್ಲಿ?" ಆಯಿಷಾ ಕೇಳಿದಳು.

"ಮೇಲೆ ಇರಬೇಕು. ಬಂದವರಿಗೆ ಲೈಟಿನ ಪಾಠ ಮಾಡ್ತಾ."

"ಪಾಪ" ಎಂದಳು ಅವಳು. ಬಂದವರಿಗೆ ಪಾಪ ಎಂದಳೋ ನನಗೆ ಎಂದಳೋ ಇಂದಿಗೂ ತಿಳಿಯದು. "ನೀವು ಆಗಲೇ ಬೇಡ ಅಂತ ಹೇಳಬಹುದಿತ್ತು."

"ನೋಡುವ ಅಂದೆನಲ್ಲ. ಮತ್ತೆ ಹೇಗೆ ಹೇಳುವುದು? ಆ ಡಬ್ಬ ಹಿಡ್ಕೊಂಡು ಬಂದಾಗ ಅವರ ಮುಖ ನೀನು ನೋಡಬೇಕಿತ್ತು. ಕ್ಲಾಸಿನಲ್ಲಿ ಪ್ರಯೋಗ ಸರಿ ಬಂದ್ರೆ ಹಾಗೇ ಆಗ್ತಿತ್ತು ಅವರ ಮುಖ. ಈಗ ಅವರ ಕ್ಲಾಸಿನಲ್ಲಿ ಉಳಿದದ್ದು ನಾನೊಬ್ಬನೇ ಅಲ್ವಾ?"

ಸೌಟು ಪಾತ್ರೆಯ ಅಂಚಿಗೆ ಕುಟ್ಟಿದ ಸದ್ದು ಕೇಳಿಸಿತು. ಆಮೇಲೆ ಆಯಿಷಾ ಹೇಳಿದಳು: "ಜನರೇಟರ್ ಇದ್ದಾಗ ನಾವು ಎಷ್ಟು ಮಾತಾಡ್ತಿದ್ದೆವು. ಮನೆಯಲ್ಲಿ ನಾನು ನಕ್ಕರೆ ಯಾಕೆ ಅಂತ ಉಮ್ಮ ಕೇಳ್ತಾರೆ, ಅತ್ತಿಗೆ ಕೇಳ್ತಾಳೆ, ಮಕ್ಕಳು ಕೇಳ್ತಾರೆ. ನೀವು ಗಲ್ಫಿನಿಂದ ಫೋನ್ ಮಾಡ್ತಿದ್ದಾಗಲೂ ಹಾಗೇ, ಸುತ್ತ ಎಲ್ಲರೂ ನಿಂತಿರ್ತಿದ್ರು. ಇಲ್ಲಿ ಬೊಬ್ಬೆ ಹಾಕಿ ನಕ್ಕರೂ ಯಾರಿಗೂ ಕೇಳ್ತಿರಲಿಲ್ಲ. ಮಾತಾಡ್ಲಿಕ್ಕೆ ಒಂದು ಜಾಗ ಇತ್ತು ನಮಗೆ."

"ಮೆಲ್ಲ ಮಾತಾಡುವ."

"ಮೆಲ್ಲ ಮಾತಾಡ್ಲಿಕ್ಕೆ ಮನೆ ಉಂಟಲ್ಲ" ಎಂದಳು ಆಯಿಷಾ.

ನಾನು ಬಲ್ಬು ಕೈಯಲ್ಲಿ ಹಿಡಿದು ಬೆಂಚಿನ ಮೇಲೆಯೇ ನಿಂತಿದ್ದೆ. ಇಳಿದರೆ ಹಲಗೆ ಕಿರುಗುಡುತ್ತದೆ, ನಾನಿದ್ದದ್ದು ಗೊತ್ತಾಗುತ್ತದೆ. ಅತಿಥಿಗಳು ದಡದಡನೆ ಮೆಟ್ಟಿಲಿಳಿದು ಬರುವವರೆಗೆ ಹಾಗೆಯೇ, ದೀಪದ ಕಂಬದ ಹಾಗೆ. ಮೊದಲು ನನ್ನ ಬಗ್ಗೆ ಆಡಿದ ಮಾತು ಚುಚ್ಚಿತು, ನಿಜ. ಮನೆಗೆ ಹೋಗುವ ದಾರಿಯಲ್ಲಿ ಅದು ಹಿಂದೆ ಸರಿದು, ಆಯಿಷಾಳ ಮಾತು ಮುಂದೆ ಬಂತು. ಅಷ್ಟು ವರ್ಷ ಕಾದು, ಕೊನೆಗೊಮ್ಮೆ ಗಂಡನ ಜೊತೆ ಕೂತು ಬಾಯಿತುಂಬ ಮಾತಾಡಲು ಆ ಹುಡುಗಿಗೆ ಸಿಕ್ಕಿದ್ದು ಒಂದು ಯಂತ್ರದ ಗದ್ದಲದ ಮರೆ. ಅದನ್ನು ನಾನು ಹೋಗಿ ಆರಿಸಿಬಿಟ್ಟಿದ್ದೆ.

ಮರುದಿನ ಬೆಳಿಗ್ಗೆಯೇ ಮೊಯ್ದಿನನ ಹತ್ತಿರ ಹೋದೆ. ಕೇಳಿಸಿಕೊಂಡೆ ಎಂದು ಹೇಳುವ ಹಾಗಿಲ್ಲ. ಹಾಗಾಗಿ ಜೀವನದಲ್ಲಿ ಮೊದಲ ಸಲ ಭೌತಶಾಸ್ತ್ರದಲ್ಲಿ ಸುಳ್ಳು ಹೇಳಿದೆ. ಬ್ಯಾಟರಿಗೆ ವಿಶ್ರಾಂತಿ ಬೇಕಾಗುತ್ತದೆ, ಇಲ್ಲದಿದ್ದರೆ ಒಳಗಿನ ಆಮ್ಲಕ್ಕೆ ದಣಿವಾಗುತ್ತದೆ, ಆದ್ದರಿಂದ ಅಡುಗೆಯ ಹೊತ್ತಿನಲ್ಲಿ ಜನರೇಟರ್ ಓಡಿಸುವುದೇ ಶಾಸ್ತ್ರೀಯ ಎಂದೆ. ಪರೀಕ್ಷೆಯಲ್ಲಿ ಹೀಗೆ ಬರೆದವನಿಗೆ ನಾನು ಸೊನ್ನೆ ಕೊಡುತ್ತಿದ್ದೆ.

ಮೊಯ್ದಿನ್ ತಲೆ ಕೆರೆದುಕೊಂಡ. "ಅಯ್ಯೋ ಟೀಚರೇ, ಅದನ್ನು ಮೊನ್ನೆ ಶಾಮಿಯಾನದವನಿಗೆ ಕೊಟ್ಟುಬಿಟ್ಟೆ. ನೀವೇ ಹೇಳಿದ್ದಲ್ವಾ, ಸುಮ್ಮನೆ ಇಟ್ಟರೆ ತುಕ್ಕು ಹಿಡಿಯುತ್ತದೆ ಅಂತ?"

ನಾನೇ ಹೇಳಿದ್ದೆ. ಅದೂ ಸರಿಯಾಗಿಯೇ ಇತ್ತು.

ಇಷ್ಟಕ್ಕೇ ನಿಂತಿದ್ದರೆ ಸಹಿಸಿಕೊಳ್ಳಬಹುದಿತ್ತು. ಸದ್ದಿಲ್ಲದ ಬೋಟು ಎಂದು ಮೊಯ್ದಿನನಿಗೆ ಹೆಸರು ಬಂತು. ಕಣ್ಣೂರಿನಿಂದ, ಮಂಗಳೂರಿನಿಂದ ಜನ ಬರತೊಡಗಿದರು. ಅಷ್ಟು ಜನರಿಗೆ ಒಬ್ಬಳೇ ಬೇಯಿಸುವುದು ಆಗದೆಂದು ಅವನು ಒಬ್ಬ ಅಡುಗೆಯವನನ್ನು ಇಟ್ಟ. ಆಯಿಷಾ ಮನೆಯಲ್ಲಿ ಉಳಿದಳು. ಮೊಯ್ದಿನ್ ಪ್ರತಿ ತಂಡಕ್ಕೂ ನನ್ನನ್ನು ತೋರಿಸಿ, "ಇವರು ನನ್ನ ಟೀಚರ್. ಬೋಟಿನ ಬೆಳಕೆಲ್ಲ ಇವರದ್ದೇ" ಎನ್ನುತ್ತಿದ್ದ, ಅವರು ಚಪ್ಪಾಳೆ ತಟ್ಟುತ್ತಿದ್ದರು. ಆ ಚಪ್ಪಾಳೆ ಮುಗಿಯುವವರೆಗೆ ಎಲ್ಲಿ ನೋಡುವುದೆಂದು ತಿಳಿಯದೆ ನಾನು ನೀರು ನೋಡುತ್ತಿದ್ದೆ. ಕ್ರಮೇಣ ಹೋಗುವುದನ್ನೇ ಬಿಟ್ಟೆ. ಮೊಣಕಾಲು ನೋವೆಂದು ಹೇಳಿದೆ. ಅದು ಪೂರ್ತಿ ಸುಳ್ಳೇನಲ್ಲ.

ಒಂದು ದಿನ ಪೇಟೆಯಲ್ಲಿ ಆಯಿಷಾ ಸಿಕ್ಕಿದಳು. ಹೇಗಿದ್ದೀ ಎಂದರೆ, "ಒಳ್ಳೆಯದುಂಟು ಟೀಚರ್, ಅವರಿಗೆ ಪುರುಸೊತ್ತೇ ಇಲ್ಲ" ಎಂದು ನಕ್ಕಳು. ಆ ನಗು ನನ್ನ ಜೊತೆಗೇ ಮನೆಗೆ ಬಂತು. ಯೋಚಿಸಿ ಯೋಚಿಸಿ ಒಂದು ಉಪಾಯ ಮಾಡಿದೆ. ಪತ್ತಿರಿ ಮಾಡುವುದು ತೋರಿಸಿಕೊಡು ಎಂದು ಅವಳನ್ನು ಮಧ್ಯಾಹ್ನ ಮನೆಗೆ ಕರೆದೆ. ಯಾವುದೋ ಸ್ವಿಚ್ಚು ನೋಡು ಎಂದು ಅದೇ ಹೊತ್ತಿಗೆ ಅವನನ್ನೂ ಕರೆದೆ. ಇಬ್ಬರಿಗೂ ಜಗಲಿಯಲ್ಲಿ ಚಹಾ ಕೊಟ್ಟು, ಪೇಪರು ಓದುತ್ತಿದ್ದ ಯಜಮಾನರನ್ನು ಹಿತ್ತಲಿಗೆ ಅಟ್ಟಿ, ನಾನು ಅಡುಗೆಮನೆ ಸೇರಿದೆ.

ಜಗಲಿಯಲ್ಲಿ ಸದ್ದೇ ಇಲ್ಲ. ಲೋಟ ಕೆಳಗಿಟ್ಟದ್ದು ಕೇಳಿಸಿತು. ಪಾಪ, ನಾನು ಒಳಗಿದ್ದೇನೆಂದು ಅವರಿಗೆ ಗೊತ್ತಲ್ಲ! ಆಗ ನನಗೆ ಹೊಳೆಯಿತು. ದೋಸೆಗೆ ನೆನೆಹಾಕಿದ ಅಕ್ಕಿಯನ್ನು ಗ್ರೈಂಡರಿಗೆ ಸುರಿದು ಸ್ವಿಚ್ಚು ಒತ್ತಿದೆ. ನಮ್ಮ ಗ್ರೈಂಡರ್ ಹಳೆಯದು. ಓಡಿದರೆ ಪಾತ್ರೆಗಳೆಲ್ಲ ಕುಣಿಯುತ್ತವೆ. ಸ್ವಲ್ಪ ಹೊತ್ತು ಬಿಟ್ಟು ಕಿಟಕಿಯಿಂದ ಇಣುಕಿದೆ. ಮೊಯ್ದಿನ್ ಕೈ ಆಡಿಸುತ್ತ ಏನೋ ಹೇಳುತ್ತಿದ್ದ. ಆಯಿಷಾ ತಲೆ ಹಿಂದಕ್ಕೆ ಎಸೆದು ನಗುತ್ತಿದ್ದಳು.

ಹಿಟ್ಟು ನುಣ್ಣಗಾಯಿತು. ನಾನು ನಿಲ್ಲಿಸಲಿಲ್ಲ. ಯಜಮಾನರು ಹಿತ್ತಲ ಬಾಗಿಲಲ್ಲಿ ಬಂದು, "ಇನ್ನೂ ಎಷ್ಟು ಅರೆಯುತ್ತೀ? ನೀರಾಯಿತಲ್ಲ" ಎಂದು ಕೂಗಿದರು. "ನಿಮಗೆ ಗೊತ್ತಾಗುವುದಿಲ್ಲ, ಸುಮ್ಮನಿರಿ" ಎಂದು ನಾನೂ ಕೂಗಿದೆ. ಸೂರ್ಯ ತೆಂಗಿನ ಮರದ ಹಿಂದೆ ಹೋಗುವವರೆಗೆ ಅರೆದೆ. ಕೊನೆಗೆ ಯಂತ್ರ ಸುಟ್ಟ ವಾಸನೆ ಹೊಡೆದಾಗ ಆರಿಸಿ ಹೊರಗೆ ಬಂದೆ.

ಮೊಯ್ದಿನ್ ಫೋನು ನೋಡಿಕೊಂಡು ಎದ್ದು ನಿಂತಿದ್ದ. ಅಡುಗೆಯವನು ಎಷ್ಟೋ ಸಲ ಕರೆ ಮಾಡಿದ್ದನಂತೆ. ಗದ್ದಲದಲ್ಲಿ ಕೇಳಿಸಿರಲಿಲ್ಲ. ಬಂದ ಅತಿಥಿಗಳು ಕಾದು ಕಾದು ಹೊರಟುಹೋಗಿದ್ದರು.

"ಹೋಗ್ಲಿ ಬಿಡಿ ಟೀಚರ್. ಇವತ್ತು ಬೋಟು ಇಲ್ಲ" ಎಂದ ಅವನು. ಅವನ ಮುಖದಲ್ಲಿ ಬೇಸರದ ಸುಳಿವಿರಲಿಲ್ಲ. ಆಯಿಷಾ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದಳು. ಇಬ್ಬರೂ ನಡೆದೇ ಮನೆಗೆ ಹೋಗುವವರಿದ್ದರು, ಹೊಳೆಯ ಬದಿಯ ದೂರದ ದಾರಿಯಲ್ಲಿ.

ನಾನು ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ, "ಕೊಡು ಇಲ್ಲಿ" ಎಂದು ಅವನ ಕೈಯಿಂದ ಫೋನು ತೆಗೆದುಕೊಂಡೆ. "ಇದನ್ನು ವೈಬ್ರೇಶನ್‌ನಲ್ಲಿ ಇಟ್ಟು ಅಂಗಿಯ ಕಿಸೆಯಲ್ಲಿ ಹಾಕಿಕೊಳ್ಳಬೇಕು ಮಾರಾಯ. ಆಗ ಎಷ್ಟು ಗದ್ದಲ ಇದ್ದರೂ ಎದೆಗೇ ಗೊತ್ತಾಗುತ್ತದೆ." ಹೇಳಿದ್ದಷ್ಟೇ ಅಲ್ಲ, ಗುಂಡಿ ಒತ್ತಿ ಹಾಗೆಯೇ ಮಾಡಿಯೂ ಕೊಟ್ಟೆ. ಆಯಿಷಾ ನನ್ನನ್ನೇ ನೋಡುತ್ತಿದ್ದಳು.

ಅಂದಿನಿಂದ ಮೊಯ್ದಿನ್ ಒಂದು ಕರೆಯನ್ನೂ ತಪ್ಪಿಸಿಕೊಂಡಿಲ್ಲ.