ಪ್ಯಾಚ್ ಹಾಕ್ಲಿಕ್ಕೆ ಬಂದವಳು

ನಾನು ಪೆನ್‌ಡ್ರೈವ್ ಹಿಡಿದು ಹೊರಟ ದಿನ ಏನಾದರೊಂದು ಆಗಿಯೇ ಆಗುತ್ತದೆ. ಏನೂ ಆಗದೆ ಸಂಜೆ ಮನೆಗೆ ಬಂದರೆ ನಮ್ಮ ಅತ್ತೆ, ಇವತ್ತು ಕೆಲಸಕ್ಕೆ ಹೋಗಿರಲಿಲ್ಲವಾ ಅಂತ ಕೇಳುತ್ತಾರೆ.

ಪುತ್ತೂರಿನ ಒಂದು ಸಣ್ಣ ಕಂಪ್ಯೂಟರ್ ಅಂಗಡಿಯಲ್ಲಿ ನನಗೆ ಕೆಲಸ. ಸುತ್ತಿನ ಸೊಸೈಟಿ, ಶಾಲೆಗಳಿಗೆ ನಾವು ಲಿನಕ್ಸ್ ಹಾಕಿದ ಕಂಪ್ಯೂಟರ್ ಕೊಡುತ್ತೇವೆ. ಲಿನಕ್ಸ್ ಅಂದರೆ ವಿಂಡೋಸ್‌ನ ಹಾಗೆ ಕಂಪ್ಯೂಟರನ್ನು ನಡೆಸುವ ಒಂದು ವ್ಯವಸ್ಥೆ. ಧರ್ಮಕ್ಕೆ ಸಿಗುತ್ತದೆ, ವೈರಸ್ಸಿನ ಕಾಟವೂ ಕಡಿಮೆ. ಅದರಲ್ಲಿ ಎಲ್ಲಾದರೂ ತೂತು ಕಂಡರೆ ಮಾಡಿದವರು ಒಂದು ತೇಪೆ ಕಳಿಸುತ್ತಾರೆ, ಅದೇ ಪ್ಯಾಚ್. ದೊಡ್ಡ ಪೇಟೆಗಳಲ್ಲಿ ಅದು ನೆಟ್ಟಿನಲ್ಲಿ ಬಂದು ತಾನೇ ಕೂತುಕೊಳ್ಳುತ್ತದೆ. ನಮ್ಮಲ್ಲಿ ಗುಡ್ಡದ ಆಚೆ ನೆಟ್ ಬರುವುದು ಅದಕ್ಕೆ ಮನಸ್ಸು ಬಂದಾಗ. ಹಾಗಾಗಿ ನಾನು ಪ್ಯಾಚನ್ನು ಪೆನ್‌ಡ್ರೈವಿಗೆ ತುಂಬಿಸಿ, ಸ್ಕೂಟರಿನಲ್ಲಿ ಹೋಗಿ, ಕಪ್ಪು ಪರದೆಯಲ್ಲಿ ಕಮಾಂಡ್ ಕುಟ್ಟಿ, ಕೈಯಾರೆ ಹಾಕಿ ಬರುವುದು.

ಕಳೆದ ಮಳೆಗಾಲ ಸುರುವಾಗುವ ಹೊತ್ತಿಗೆ ಹೀಗೆ ಒಂದು ದೊಡ್ಡ ಪ್ಯಾಚ್ ಬಂತು. ಅದನ್ನು ಹಾಕದಿದ್ದರೆ ಕಂಪ್ಯೂಟರ್‌ಗಳು ಕೆಲಸದ ಮಧ್ಯದಲ್ಲೇ ಮುಷ್ಕರ ಹೂಡುತ್ತಿದ್ದವು. ಆ ಒಂದು ಪ್ಯಾಚ್ ಹಿಡಿದುಕೊಂಡು ತಿರುಗಿದಾಗ ಆದದ್ದು ಇಷ್ಟು.

ಕಲಸಿದ ಸಿಮೆಂಟು

ಮೊದಲು ಹೋದದ್ದು ಸವಣೂರಿನ ಹತ್ತಿರದ ಒಂದು ಹಾಲಿನ ಸೊಸೈಟಿಗೆ. ಹಿಂದಿನ ದಿನವೇ ಅಲ್ಲಿನ ಕಾರ್ಯದರ್ಶಿಗೆ ಫೋನ್ ಮಾಡಿ, ಪುತ್ತೂರಿನಿಂದ ಮಾತಾಡುದು, ನಾಳೆ ಪ್ಯಾಚ್ ಹಾಕ್ಲಿಕ್ಕೆ ಬರ್ತೇನೆ, ಕಂಪ್ಯೂಟರ್ ರೂಮು ಸ್ವಲ್ಪ ಖಾಲಿ ಇಟ್ಟಿರಿ ಅಂದಿದ್ದೆ. ನಾನು ಹೇಳಿದ್ದರ ಅರ್ಥ, ಆ ಹೊತ್ತಿಗೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ ಅಂತ.

ಹೋಗಿ ನೋಡಿದರೆ ರೂಮು ಖಾಲಿ ಅಂದರೆ ಖಾಲಿ. ಮೇಜಿಲ್ಲ, ಕುರ್ಚಿಯಿಲ್ಲ, ಗೋಡೆಯ ಕ್ಯಾಲೆಂಡರೂ ಇಲ್ಲ. ಹೊರಗೆ ತಾರಸಿಗೆ ಒಂದು ಏಣಿ ಒರಗಿಸಿ ಇಟ್ಟಿದ್ದರು. ಅದರ ಬುಡದಲ್ಲಿ ಬಾಣಲೆ ತುಂಬ ಆಗತಾನೇ ಕಲಸಿದ ಸಿಮೆಂಟು. ಕಾರ್ಯದರ್ಶಿ ನನ್ನ ಸ್ಕೂಟರಿನ ಹಿಂದೆ ರಸ್ತೆಯ ಉದ್ದಕ್ಕೂ ನೋಡಿದರು.

"ಕೆಲಸದವರು ಹಿಂದಿನಿಂದ ಬರ್ತಾರಾ?"

ನಾನೇ ಅಂದೆ. ಅವರು ನನ್ನ ಚೂಡಿದಾರ ನೋಡಿದರು, ಏಣಿ ನೋಡಿದರು, ಒಬ್ಬರೇ ಹತ್ತುತ್ತೀರಾ ಅಂತ ಕೇಳಿದರು.

ಆಮೇಲೆ ಗೊತ್ತಾಯಿತು. ಅವರ ತಾರಸಿ ಸರಿಯಾಗಿ ಕಂಪ್ಯೂಟರಿನ ತಲೆಯ ಮೇಲೆಯೇ ಸೋರುತ್ತಿತ್ತು. ಪುತ್ತೂರಿನ ಯಾರೋ ಮೇಸ್ತ್ರಿಗೆ ತಿಂಗಳಿನಿಂದ ಹೇಳಿ ಹೇಳಿ ಸಾಕಾಗಿತ್ತು. ಕೊನೆಗೂ ಪ್ಯಾಚ್ ಹಾಕುವವರ ಫೋನ್ ಬಂತು ಅಂತ ಖುಷಿಯಲ್ಲಿ, ಧೂಳು ಬೀಳಬಾರದು ಅಂತ ಕಂಪ್ಯೂಟರನ್ನು ಬಿಚ್ಚಿ ಭಾವನ ಮನೆಗೆ ಕಳಿಸಿಬಿಟ್ಟಿದ್ದರು. ಸಂಜೆ ಹಾಲು ತರುವವರು ಬರುತ್ತಾರೆ, ಕಂಪ್ಯೂಟರ್ ಇಲ್ಲದೆ ಚೀಟಿ ಬರುವುದಿಲ್ಲ, ಚೀಟಿಯಿಲ್ಲದೆ ಯಾರೂ ಕ್ಯಾನ್ ಕೆಳಗಿಡುವವರಲ್ಲ. ಫೋನಿನ ಮೇಲೆ ಫೋನು ಹೋಯಿತು. ಕಂಪ್ಯೂಟರ್ ಬೆಡ್‌ಶೀಟ್ ಹೊದ್ದುಕೊಂಡು ಜೀಪಿನಲ್ಲಿ ಮದುಮಗಳ ಹಾಗೆ ವಾಪಸು ಬಂತು.

ನಾನು ವಯರ್ ಸಿಕ್ಕಿಸಿ ಪ್ಯಾಚ್ ಸುರುಮಾಡಿದೆ. ಅದು ಒಮ್ಮೆ ಹೊರಟರೆ ನಾವು ಮಾಡುವುದೇನೂ ಇಲ್ಲ, ಸಾಲುಗಳು ಓಡುವುದನ್ನು ನೋಡುತ್ತಾ ಇರಬೇಕು. ಕಾರ್ಯದರ್ಶಿಯವರು ಬಾಣಲೆ ನೋಡಿದರು. "ಇದು ಗಟ್ಟಿ ಆಗ್ತದೆ ಮಾರಾಯ್ರೆ," ಅಂದವರೇ ಉಟ್ಟ ಮುಂಡು ಮೇಲೆ ಕಟ್ಟಿ ಏಣಿ ಹತ್ತಿದರು. ಒಳಗೆ ನನ್ನ ಪ್ಯಾಚ್ ಮುಗಿಯುವವರೆಗೆ ನಾನು ಹೊರಗೆ ಏಣಿ ಹಿಡಿದುಕೊಂಡು ನಿಂತಿದ್ದೆ.

ಆ ಮಳೆಗಾಲದಲ್ಲಿ ಅವರ ಕಂಪ್ಯೂಟರ್ ಎರಡು ಸಲ ಕೈಕೊಟ್ಟಿತು. ತಾರಸಿ ಒಂದು ಹನಿಯೂ ಸೋರಲಿಲ್ಲ.

ಯಾವ ಮಗು

ಕಡಬದಿಂದ ಆಚೆ ಒಂದು ನರ್ಸರಿ ಶಾಲೆ ಉಂಟು. ಅಲ್ಲಿನ ಹೆಡ್‌ಮಿಸ್ ಕೇರಳದಿಂದ ಬಂದು ರಬ್ಬರ್ ಹಾಕಿ ನೆಲೆಸಿದ ಮನೆತನದವರು. ತುಂಬಾ ದೈವಭಕ್ತೆ. ನನ್ನನ್ನು ಕರೆಯುವುದು ಮೋಳೆ ಅಂತ. ಮಲಯಾಳದಲ್ಲಿ ಹಾಗಂದರೆ ಮಗಳೇ ಅಂತ, ಹಾಗಾಗಿ ಅವರು ಕರೆದರೆ ನನಗೆ ಹೋಗದೆ ನಿರ್ವಾಹವಿಲ್ಲ. ಒಂದು ದಿನ ಅವರ ಫೋನು. ಕೂಡಲೇ ಬರಬೇಕು, ಇದು ಫೋನಿನಲ್ಲಿ ಹೇಳುವ ವಿಷಯ ಅಲ್ಲ ಅಂದರು.

ಹೋದೆ. ಮಕ್ಕಳನ್ನೆಲ್ಲ ಆಯಾಳ ಜೊತೆ ಅಂಗಳದ ಮಾವಿನ ಮರದ ಬುಡಕ್ಕೆ ಸಾಗಿಸಿ ಆಗಿತ್ತು. ಆಫೀಸು ರೂಮಿಗೆ ಬೀಗ. ಹೆಡ್‌ಮಿಸ್ ಬೀಗ ತೆಗೆದು, ನನ್ನನ್ನು ಒಳಗೆ ಬಿಟ್ಟು, ತಾನು ಬಾಗಿಲಲ್ಲೇ ನಿಂತು ಪರದೆಯ ಕಡೆ ಬೆರಳು ತೋರಿಸಿದರು.

ಕಪ್ಪು ಪರದೆಯಲ್ಲಿ ಬಿಳಿ ಇಂಗ್ಲಿಷ್ ಸಾಲೊಂದು ನಿಂತಿತ್ತು. ಅದರ ಅರ್ಥ: ಜಾಗ ಸಾಲುತ್ತಿಲ್ಲ, ಕೊಲ್ಲು, ಇಲ್ಲದಿದ್ದರೆ ಮಗುವನ್ನು ಬಲಿಕೊಡು.

ನರ್ಸರಿ ಶಾಲೆಯಲ್ಲಿ ಕಾಣಬಾರದ ಸಾಲು, ನಿಜ. ಆದರೆ ಅದು ಹಳೆಯ ಲಿನಕ್ಸಿನ ಮಾತಿನ ಧಾಟಿ. ಒಂದು ಪ್ರೋಗ್ರಾಮು ತನ್ನ ಕೈಕೆಳಗೆ ಇನ್ನೊಂದು ಸಣ್ಣ ಪ್ರೋಗ್ರಾಮು ಸುರುಮಾಡಿದರೆ ಆ ಸಣ್ಣದಕ್ಕೆ ಮಗು ಅನ್ನುತ್ತಾರೆ. ಮೆಮೊರಿ ತುಂಬಿದಾಗ ಯಾವುದಾದರೊಂದನ್ನು ನಿಲ್ಲಿಸಬೇಕಾಗುತ್ತದೆ, ಅಷ್ಟೇ. ನಾನು ಇದನ್ನೆಲ್ಲ ನಿಧಾನಕ್ಕೆ ಬಿಡಿಸಿ ಹೇಳಿದೆ. ಈಗ ಹಾಕುವ ಪ್ಯಾಚಿನಲ್ಲಿ ಈ ಸಾಲೇ ಇರುವುದಿಲ್ಲ ಅಂತಲೂ ಹೇಳಿದೆ. ಹೆಡ್‌ಮಿಸ್ ಶಿಲುಬೆಯ ಗುರುತು ಹಾಕಿಕೊಂಡು ಒಳಗೆ ಬಂದರು. ಇದನ್ನು ಬರೆದವರಿಗೆ ಮನೆಯಲ್ಲಿ ಮಕ್ಕಳು ಮರಿ ಇಲ್ಲವಾ ಅಂತ ಬೇಸರ ಮಾಡಿಕೊಂಡರು. ನಾನು ಪೆನ್‌ಡ್ರೈವ್ ಸಿಕ್ಕಿಸಿದೆ.

ಅಷ್ಟರಲ್ಲಿ ಹೊರಗೆ ಬೊಬ್ಬೆ. ಕಿಟಕಿಯಲ್ಲಿ ನೋಡಿದರೆ ಒಬ್ಬ ಗುಂಡನೆಯ ಹುಡುಗ ಇನ್ನೊಬ್ಬನ ನೀರಿನ ಬಾಟಲಿಗೆ ಮಣ್ಣು ತುಂಬಿಸಿ, ಕೇಳಲು ಹೋದ ಆಯಾಳ ಸೆರಗಿಗೆ ಕೈ ಒರೆಸುತ್ತಿದ್ದ. ಹೆಡ್‌ಮಿಸ್ ಅವನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪರದೆ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲನೆ ಕೇಳಿದರು:

"ಅಲ್ಲ ಮೋಳೆ, ಯಾವ ಮಗು ಅಂತ ಅದೇ ಹೇಳ್ತದಾ, ಇಲ್ಲ ನಾವು ಆರಿಸುದಾ?"

ಸುಡೊ

ಸ್ಕೂಟರ್ ಸರ್ವಿಸಿಗೆ ಹೋಗಿದ್ದ ದಿನ ಸುಳ್ಯದಿಂದ ಜಾಲ್ಸೂರಿಗೆ ಬಸ್ಸಿನಲ್ಲಿ ಹೊರಟಿದ್ದೆ. ಪಕ್ಕದಲ್ಲಿ ಒಬ್ಬರು ಅಜ್ಜಿ. ಅವರ ಯಜಮಾನರು ಎದುರಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ. ಆಗ ಒಬ್ಬರು ಮೇಷ್ಟ್ರು ಫೋನ್ ಮಾಡಿದರು. ನಮ್ಮ ಅಂಗಡಿಯಿಂದ ಪೆನ್‌ಡ್ರೈವ್ ಕೊಂಡುಹೋಗಿ ಶಾಲೆಯಲ್ಲಿ ತಾವೇ ಪ್ಯಾಚ್ ಹಾಕಲು ಕೂತಿದ್ದರು, ಮಧ್ಯದಲ್ಲಿ ಸಿಕ್ಕಿಬಿದ್ದಿದ್ದರು.

ಲಿನಕ್ಸಿನಲ್ಲಿ ಯಜಮಾನಿಕೆಯ ಕೆಲಸ ಏನೇ ಮಾಡಿಸುವುದಿದ್ದರೂ ಕಮಾಂಡಿನ ಮೊದಲು ಸುಡೊ ಅಂತ ಹೊಡೆಯಬೇಕು. ಬಸ್ಸಿನ ಸದ್ದಿಗೆ ನಾನು ಗಟ್ಟಿಯಾಗಿಯೇ ಹೇಳಿದೆ. "ಹಳೆಯದು ಇದ್ದರೆ ಹೊಸದು ಸರಿಯಾಗಿ ಕೂರುದಿಲ್ಲ. ಮೊದಲು ಅದನ್ನು ತೆಗೆಯಿರಿ. ಸುಡೊ. ಹೌದು, ಸುಡೊ. ನಿಜವಾಗಿ ಬೇಡವಾ ಅಂತ ಕೇಳ್ತದೆ, ಹೆದರಬೇಡಿ, ಬೇಡ ಅಂತ ಹೇಳಿ."

ಅಜ್ಜಿ ನನ್ನ ಮೊಣಕೈ ಮುಟ್ಟಿದರು. ಆ ಹುಡುಗಿಗೆ ಮದುವೆ ಹತ್ತಿರ ಬಂತಾ ಅಂತ ಕೇಳಿದರು. ಯಾವ ಹುಡುಗಿ ಅಂತ ನನಗೆ ತಲೆಬುಡ ಗೊತ್ತಾಗಲಿಲ್ಲ. ಅವರೇ ಮುಂದುವರಿಸಿದರು. ಸುಡು ಅಂತ ಹೇಳಿದ್ದು ಒಳ್ಳೆಯದಾಯಿತು, ಅಂಥದ್ದನ್ನೆಲ್ಲ ಇಟ್ಟುಕೊಳ್ಳಬಾರದು, ತಾನೂ ಮದುವೆಯ ಮೊದಲು ಒಂದು ಫೋಟೋ ಒಲೆಗೆ ಹಾಕಿದವಳೇ ಅಂದರು. ಎದುರಿನ ಸೀಟಿನ ಕಡೆ ಗದ್ದದಲ್ಲೇ ತೋರಿಸಿ, ಅವರಿಗೆ ಇಂದಿನವರೆಗೆ ಗೊತ್ತಿಲ್ಲ ಅಂತ ಸೇರಿಸಿದರು.

ಬಸ್ಸು ಒಂದು ತಿರುವು ದಾಟಿತು.

"ಆದರೆ ಸುಡುವ ಮೊದಲು ಒಮ್ಮೆ ಸರಿಯಾಗಿ ನೋಡ್ಲಿಕ್ಕೆ ಹೇಳಿ," ಅಂದರು ಅಜ್ಜಿ. "ನನಗೆ ಈಗ ಮುಖ ನೆನಪಾಗುದಿಲ್ಲ."

ನಾನು ಫೋನ್ ಮತ್ತೆ ಕಿವಿಗಿಟ್ಟು ಮೇಷ್ಟ್ರಿಗೆ, ತೆಗೆಯುವ ಮೊದಲು ಒಂದು ಕಾಪಿ ಇಟ್ಟುಕೊಳ್ಳಿ ಅಂದೆ.

ಗುಟ್ಟಿನ ಮಾತು

ಕಾಣಿಯೂರಿನಿಂದ ಒಳಗೆ ಒಂದು ಸೊಸೈಟಿ. ಅಲ್ಲಿನ ಗುಮಾಸ್ತರಷ್ಟು ಜಾಗ್ರತೆಯ ಮನುಷ್ಯನನ್ನು ನಾನು ನೋಡಿಲ್ಲ. ಪ್ಯಾಚ್ ಹಾಕಬೇಕಾದರೆ ಕಂಪ್ಯೂಟರ್ ಪಾಸ್‌ವರ್ಡ್ ಕೇಳುತ್ತದೆ, ಅದು ಗೊತ್ತಿದ್ದದ್ದು ಅವರೊಬ್ಬರಿಗೇ. ಅವರು ಎದ್ದು ನಿಂತು ಎಲ್ಲರೂ ಹೊರಗೆ ಹೋಗಬೇಕು ಅಂದರು. ಗೊಬ್ಬರಕ್ಕೆ ಬಂದ ಸದಸ್ಯರು ಹೋದರು. ನಾನೂ ಹೋದೆ. ಅಂದು ಸೊಸೈಟಿಯ ಅಧ್ಯಕ್ಷರು ಕೂಡ ಬಂದಿದ್ದರು, ಅವರನ್ನೂ ಬಿಡಲಿಲ್ಲ. ಅಧ್ಯಕ್ಷರಿಗೆ ಅದರಿಂದ ಸಿಟ್ಟು ಬರುವ ಬದಲು ಹೆಮ್ಮೆಯೇ ಆಯಿತು. ಜಗಲಿಯಲ್ಲಿ ಕುರ್ಚಿ ಹಾಕಿ ಕೂತು, ಕೆಲಸ ಅಂದರೆ ಹೀಗೆ ಇರಬೇಕು, ನನ್ನನ್ನೂ ನಂಬುದಿಲ್ಲ ನೋಡಿ ಅಂತ ಸದಸ್ಯರಿಗೆ ಹೇಳಿದರು.

ಮಳೆ ಸುರಿಯುತ್ತಿತ್ತು. ಶೀಟಿನ ಛಾವಣಿಯಾದ ಕಾರಣ ಒಳಗಿನವರ ಮಾತು ಹೊರಗೆ ಕೇಳಬೇಕಾದರೆ ಕಿರುಚಲೇಬೇಕು. ನಾನು ಕಿಟಕಿಯ ಹೊರಗೆ ನಿಂತು, ಪಾಸ್‌ವರ್ಡ್ ಹೊಡೆದು ಎಂಟರ್ ಒತ್ತಿ ಅಂದೆ. ಗುಮಾಸ್ತರು, ಒತ್ತಿದರೆ ಏನೂ ಬೀಳುದಿಲ್ಲ ಅಂತ ಕಿರುಚಿದರು. ಲಿನಕ್ಸಿನಲ್ಲಿ ಹಾಗೆಯೇ. ಪಾಸ್‌ವರ್ಡ್ ಹೊಡೆಯುವಾಗ ಪರದೆಯಲ್ಲಿ ಅಕ್ಷರವೂ ಕಾಣುವುದಿಲ್ಲ, ಚುಕ್ಕಿಯೂ ಕಾಣುವುದಿಲ್ಲ. ಕಾಣುದಿಲ್ಲ, ಆದರೆ ಒಳಗೆ ಬೀಳ್ತದೆ ಅಂತ ನಾನೂ ಕಿರುಚಿದೆ. ಅವರು ಹೊಡೆದರು. ತಪ್ಪು ಅಂತ ಬಂತು. ಮತ್ತೆ ಹೊಡೆದರು, ಮತ್ತೆ ತಪ್ಪು. ಗೊಬ್ಬರದ ಸಾಲಿನಲ್ಲಿ ಗುಜುಗುಜು ಸುರುವಾಯಿತು. ಕಣ್ಣಿಗೆ ಕಾಣದ್ದನ್ನು ನಂಬುವ ಜಾತಿಯಲ್ಲ ನಮ್ಮ ಗುಮಾಸ್ತರು. ಯಾವುದು ಬಿತ್ತು, ಯಾವುದು ಬೀಳಲಿಲ್ಲ ಅಂತ ಲೆಕ್ಕ ಸಿಗಲಿ ಅಂತಲೋ ಏನೋ, ಈ ಸಲ ಒಂದೊಂದು ಅಕ್ಷರವನ್ನೂ ಮಳೆಯ ಮೇಲೆ ಕೇಳುವ ಹಾಗೆ ಕೂಗಿ ಕೂಗಿ ಹೊಡೆಯತೊಡಗಿದರು.

"ಎ. ಡಿ. ಎಚ್. ವೈ. ಎ..."

ಜಗಲಿಯಲ್ಲಿ ಕೂತ ಒಬ್ಬ ಹಿರಿಯ ಸದಸ್ಯರು ಕಿವಿಗೆ ಕೈ ಹಿಡಿದು ಅಕ್ಷರಗಳನ್ನು ಜೋಡಿಸುತ್ತಾ ಹೋದರು. ಅ, ಅಧ್ಯ, ಅಧ್ಯಕ್ಷ. ಅಧ್ಯಕ್ಷರ ಮುಖ ಅರಳಿತು. ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತರು.

"ಪಿ. ಐ. ಆರ್. ಕೆ. ಐ."

"ಪಿರ್," ಅಂದರು ಹಿರಿಯರು, ತಮ್ಮಷ್ಟಕ್ಕೆ. "ಪಿರ್ಕಿ."

ನಮ್ಮ ಕಡೆ ತಲೆಯ ಬೋಲ್ಟು ಸ್ವಲ್ಪ ಸಡಿಲ ಇರುವವರಿಗೆ ಪಿರ್ಕಿ ಅನ್ನುತ್ತೇವೆ. ಒಬ್ಬರು ಕೊಡೆ ಬಿಡಿಸಿ ಅಂಗಳಕ್ಕೆ ಇಳಿದೇಬಿಟ್ಟರು. ನಾನು ಕಿಟಕಿಯ ಸರಳು ಹಿಡಿದುಕೊಂಡು ನೆಲ ನೋಡಿದೆ. ಒಳಗಿನಿಂದ ಗುಮಾಸ್ತರ ಸ್ವರ ಮತ್ತೆ ಬಂತು. ಈಗಲೂ ತಪ್ಪು ಅಂತ ಹೇಳ್ತದೆ, ಎಂತ ಮಾಡುದು ಅಂತ ಕೇಳುತ್ತಿದ್ದರು.

ಅಧ್ಯಕ್ಷರು ಎದ್ದರು. ಶಾಲು ಸರಿಮಾಡಿಕೊಂಡರು. ನಿಧಾನಕ್ಕೆ ಕಿಟಕಿಯ ಹತ್ತಿರ ಬಂದು ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಬಗ್ಗಿ ನೋಡಿದರು. ಅವರ ಮುಖ ಕಂಡದ್ದೇ ಗುಮಾಸ್ತರ ಬೆರಳು ಕೀಲಿಯ ಮೇಲೆಯೇ ನಿಂತಿತು.

"ಮೊದಲನೇ ಅಕ್ಷರ ದೊಡ್ಡದು ಹಾಕಿ ನೋಡಿ," ಅಂದರು ಅಧ್ಯಕ್ಷರು. "ಎಷ್ಟೆಂದರೂ ಅಧ್ಯಕ್ಷ ಅಲ್ವಾ."

ಗುಮಾಸ್ತರು ಹಾಕಿದರು. ತೆರೆದುಕೊಂಡಿತು.