ಸೋಲಾರ್ ಟ್ಯಾಂಕಿಗೆ ಹಾಗಲ ಬಳ್ಳಿ ಕಟ್ಟಿದ ಮನೆಯಿಂದ

ಬಿಳೇಕಹಳ್ಳಿ,
ಸಂಕ್ರಾಂತಿಯ ಮರುದಿನ

ಡಾ. ಗೌರೀಶಂಕರ ಅವರಿಗೆ,
ನಿರ್ದೇಶಕರು, ನವೀಕರಿಸಬಹುದಾದ ಇಂಧನದ ಅರ್ಥಶಾಸ್ತ್ರ ಮತ್ತು ನೀತಿ ಸಂಶೋಧನಾ ಕೇಂದ್ರ
(ಇಷ್ಟುದ್ದದ ಹೆಸರು ಬರೆದ ಮೇಲೆ ಲಕೋಟೆಯಲ್ಲಿ ಸ್ಟಾಂಪ್ ಅಂಟಿಸಲು ಜಾಗ ಉಳಿಯದ ಕಾರಣ ಇದನ್ನು ಬಹಿರಂಗ ಪತ್ರವನ್ನಾಗಿ ಮಾಡಿದ್ದೇನೆ, ಕ್ಷಮಿಸಬೇಕು.)

ಮಾನ್ಯರೇ,

ತಮಗೂ, ತಮ್ಮ ಕೇಂದ್ರದ ಸಮಸ್ತ ಸಂಶೋಧಕರಿಗೂ, ಅವರ ಲ್ಯಾಪ್‌ಟಾಪುಗಳಿಗೂ ಚಿಕ್ಕಬೈರಪ್ಪನ ನಮಸ್ಕಾರಗಳು. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಬೇಕಾದ ಈ ದಿನಗಳಲ್ಲಿ ಜಗಳದ ಕಾಗದ ಬರೆಯುವುದು ತರವಲ್ಲವೆಂದು ನನ್ನ ಹೆಂಡತಿ ಗೌರಮ್ಮ ಹೇಳಿದ್ದರಿಂದ, ಇದನ್ನು ತಾವು ಹೊಗಳಿಕೆಯ ಕಾಗದವೆಂದೇ ಓದಿಕೊಳ್ಳಬೇಕಾಗಿ ವಿನಂತಿ.

ನಮ್ಮ ಮೂರಂತಸ್ತಿನ ಮನೆಯಲ್ಲಿ ನಾವೂ ಸೇರಿ ಐದು ಸಂಸಾರಗಳಿದ್ದು, ಎಲ್ಲರ ಸ್ನಾನಕ್ಕೂ ತಾರಸಿಯ ಮೇಲೆ ಒಂದೇ ದೊಡ್ಡ ಸೋಲಾರ್ ಟ್ಯಾಂಕ್ ಇರುವ ಸಂಗತಿ ನಮಗಿಂತ ಚೆನ್ನಾಗಿ ತಮಗೇ ಗೊತ್ತಿದೆ. ತಮ್ಮ ಕೇಂದ್ರದಲ್ಲಿ ಸಂಶೋಧನೆ ಮಾಡುವ, ನಮ್ಮ ಎರಡನೇ ಮಹಡಿಯ ಬಾಡಿಗೆದಾರಳಾದ ಮೈತ್ರೇಯಿ ಎಂಬ ಹುಡುಗಿ ಕಳೆದ ದೀಪಾವಳಿಯ ತಿಂಗಳಲ್ಲಿ ಒಂದು ಪ್ರಯೋಗ ಮಾಡಬೇಕೆಂದು ಬಂದು ಕೇಳಿದಾಗ, ಹೆಣ್ಣುಮಗಳು ಓದಿ ಮುಂದೆ ಬರಲಿ ಎಂದು ನಾನೇ ಒಪ್ಪಿದೆ. ಒಂದು ತಿಂಗಳು ಯಾರೂ ಗೀಸರ್ ಹಾಕಬಾರದು, ಬರೀ ಸೂರ್ಯನನ್ನು ನಂಬಿ ಬದುಕಬೇಕು ಎಂಬುದು ಷರತ್ತು. ಐದೂ ಮನೆಗಳ ಗೀಸರ್ ಸ್ವಿಚ್ಚಿಗೆ ತಮ್ಮವರು ಟೇಪು ಅಂಟಿಸಿ, ಪಕ್ಕದಲ್ಲೊಂದು ಮೀಟರ್ ಕೂರಿಸಿ, ಗೌರಮ್ಮ ಕೊಟ್ಟ ಚಿತ್ರಾನ್ನ ತಿಂದು ಹೋದರು. ಆ ಟೇಪನ್ನು ನಾವು ಯಾರೂ ಕಿತ್ತಿಲ್ಲ, ದೇವರಾಣೆ.

ಇಲ್ಲಿಯವರೆಗೆ ಎಲ್ಲವೂ ಸುಖವಾಗಿತ್ತು. ಆದರೆ ಮಾನ್ಯರೇ, ದೀಪಾವಳಿಯಲ್ಲಿ ನೀರು ತುಂಬುವ ಹಬ್ಬ ಅಂತ ಒಂದಿದೆ. ಹಿಂದಿನ ಸಂಜೆಯೇ ಬಚ್ಚಲ ಹಂಡೆಯ ಹಳೇ ನೀರು ಚೆಲ್ಲಿ, ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣದ ಗೆರೆ ಎಳೆದು, ಹಾಗಲ ಬಳ್ಳಿ ಕಟ್ಟಿ, ಹೊಸ ನೀರು ತುಂಬಿ, ಮರುದಿನ ನಸುಕಿನಲ್ಲಿ ಎಣ್ಣೆಸ್ನಾನ ಮಾಡುವುದು ಪದ್ಧತಿ. ನಮ್ಮ ಮನೆಯಲ್ಲಿ ಸೋಲಾರ್ ಬಂದ ವರ್ಷದಿಂದ ತಾಮ್ರದ ಹಂಡೆ ಮೆಟ್ಟಿಲ ಕೆಳಗೆ ಬೋರಲು ಬಿದ್ದಿದೆ, ಅದಕ್ಕೆ ಸಲ್ಲಬೇಕಾದ ಮರ್ಯಾದೆಯೆಲ್ಲ ತಾರಸಿಯ ಟ್ಯಾಂಕಿಗೆ ಸಲ್ಲುತ್ತಿದೆ. ಎಂದಿನಂತೆ ಈ ಸಲವೂ ಗೌರಮ್ಮ ಸೀರೆ ಎತ್ತಿ ಕಟ್ಟಿ ಮೇಲೆ ಹತ್ತಿ, ಟ್ಯಾಂಕಿಗೆ ಸುಣ್ಣ ಬಳಿದು, ಬಳ್ಳಿ ಸುತ್ತಿ, ತಳದ ವಾಲ್ವ್ ತಿರುಗಿಸಿ, ದಿನವಿಡೀ ಸೂರ್ಯನು ಕಷ್ಟಪಟ್ಟು ಕಾಯಿಸಿದ್ದ ಅಷ್ಟೂ ಬಿಸಿನೀರನ್ನು ಮೋರಿಗೆ ಬಿಟ್ಟು, ತಣ್ಣನೆಯ ಹೊಸ ನೀರು ತುಂಬಿಸಿ, ಕುಂಕುಮವಿಟ್ಟು ಕೈಮುಗಿದು ಬಂದಳು.

ಪ್ರತಿವರ್ಷವೂ ಹೀಗೇ ಆಗುತ್ತಿತ್ತಂತೆ! ಪ್ರತಿವರ್ಷವೂ ಬೆಳಿಗ್ಗೆ ಗೀಸರ್ ಸದ್ದಿಲ್ಲದೆ ಮಾನ ಕಾಪಾಡುತ್ತಿತ್ತಂತೆ! ಈ ಸಲ ಅದರ ಬಾಯಿಗೆ ತಮ್ಮ ಟೇಪು ಬಿದ್ದಿತ್ತು.

ಮರುದಿನ ನಸುಕಿನಲ್ಲಿ ಐದೂ ಮನೆಯವರು ನೆತ್ತಿಯಿಂದ ಅಂಗಾಲಿನವರೆಗೆ ಎಣ್ಣೆ ಬಳಿದುಕೊಂಡು ಬಚ್ಚಲು ಹೊಕ್ಕೆವು. ಮೊದಲು ಕೂಗಿದವಳು ಮೈತ್ರೇಯಿ. ಹಬ್ಬಕ್ಕೆ ತನ್ನೂರಿಗೆ ಹೋಗಲಾಗದ ಮಗುವೆಂದು ಗೌರಮ್ಮ ತಾನೇ ಅವಳಿಗೆ ಪಾವು ಎಣ್ಣೆ ಹಚ್ಚಿದ್ದಳು. ಆಮೇಲೆ ಕೂಗಿದವನು ನಾನು, ನನ್ನ ಕೂಗಿನ ವಿವರ ಬಹಿರಂಗ ಪತ್ರಕ್ಕೆ ತಕ್ಕುದಲ್ಲ. ಯಾರ ತಪ್ಪು ಎಂದು ಎಲ್ಲರೂ ನನ್ನ ಮುಖ ನೋಡಿದರು, ನಾನು ಗೌರಮ್ಮನ ಮುಖ ನೋಡುವ ಧೈರ್ಯ ಮಾಡದೆ ಆಕಾಶ ನೋಡಿದೆ. ಆದರೆ ಅವಳು ಗೊಣಗಲಿಲ್ಲ, ಅಳಲಿಲ್ಲ. "ರೀ, ನಿಂತ್ಕೊಂಡು ಏನ್ ನೋಡ್ತೀರಾ, ಟೇಪ್ ಕಿತ್ರೆ ಈ ಮಗು ಪ್ರಯೋಗ ಕೆಡುತ್ತೆ, ಹಂಡೆ ಎತ್ತಿ" ಎಂದಳು.

ಹಂಡೆ ಅಂಗಳಕ್ಕೆ ಬಂತು. ಮೂರು ಕಲ್ಲು ಬಂದವು. ತೆಂಗಿನ ಗರಿ, ಚಿಪ್ಪು, ಮುರಿದ ಮಂಚದ ಕಾಲು ಎಲ್ಲವೂ ಒಲೆ ಸೇರಿದವು. ಬೆಂಕಿ ಮಾತ್ರ ಹಿಡಿಯಲೊಲ್ಲದು. ಕೊನೆಗೆ ತಮ್ಮ ಮೀಟರುಗಳು ಬಂದಿದ್ದ ರಟ್ಟಿನ ಡಬ್ಬಗಳನ್ನು ಮೈತ್ರೇಯಿಯೇ ತಂದು ತುರುಕಿದ ಮೇಲೆ ಭಗ್ಗನೆ ಹೊತ್ತಿಕೊಂಡಿತು. ನಮ್ಮ ಬಿಸಿನೀರಿಗೆ ತಮ್ಮ ಕೇಂದ್ರದ ನೇರ ಕೊಡುಗೆ ಅದೊಂದೇ ಆದ್ದರಿಂದ ಇಲ್ಲಿ ಕೃತಜ್ಞತೆಯಿಂದ ನೆನೆಯುತ್ತೇನೆ. ಹೊಗೆಗೆ ಕಣ್ಣು ಕೆಂಪಾಗಿ, ಕೆಮ್ಮಿ ಕೆಮ್ಮಿ, ಗೌರಮ್ಮ ಐದು ಸಂಸಾರಕ್ಕೆ ನೀರು ಕಾಯಿಸಿ ಹಾಕಿ ಕಡೆಗೆ ತಾನು ಮಿಂದಳು. ಅಷ್ಟು ನಕ್ಕುಕೊಂಡು ಮಾಡಿದ ಹಬ್ಬ ನಮ್ಮ ಮನೆಯಲ್ಲಿ ಇನ್ನೊಂದಿಲ್ಲ.

ಈಗ ತಮ್ಮ ವರದಿ ಬಂದಿದೆ. ಆಹಾ, ಎಂಥ ಕಾಗದ, ಎಂಥ ಬಣ್ಣದ ಚಿತ್ರಗಳು! ಹಬ್ಬದ ಮುಂಜಾನೆಯೂ ಗೀಸರ್ ಮೀಟರುಗಳು ಸೊನ್ನೆ ತೋರಿಸಿದ್ದರಿಂದ, ಬಿಳೇಕಹಳ್ಳಿಯ ಐದು ಕುಟುಂಬಗಳು ಕೇವಲ ಸೂರ್ಯನ ಶಕ್ತಿಯಿಂದ ಎಣ್ಣೆಸ್ನಾನ ಪೂರೈಸಿದವು ಎಂದು ಅದರಲ್ಲಿ ಬರೆದಿದೆ. ನಮ್ಮದು ಮಾದರಿ ಮನೆಯಂತೆ. ಆದಕಾರಣ ಹಬ್ಬದ ಬೆಳಿಗ್ಗೆ ಜನರಿಗೆ ಗೀಸರಿನ ಅಗತ್ಯವೇ ಇಲ್ಲ, ಆ ಹೊತ್ತಿನ ಕರೆಂಟಿನ ದರ ಏರಿಸಬಹುದು ಎಂದು ಸರ್ಕಾರಕ್ಕೆ ಶಿಫಾರಸು ಮಾಡಲಿದ್ದೀರಂತೆ. ಹಂಡೆಯ ವಿಷಯ ಮೈತ್ರೇಯಿ ತಮಗೆ ಹೇಳಿದಳಂತೆ. ಮೀಟರಿನಲ್ಲಿ ಬಾರದ್ದು ದತ್ತಾಂಶವಲ್ಲ ಎಂದು ತಾವು ಅಪ್ಪಣೆ ಕೊಡಿಸಿದಿರಂತೆ. ಸುದ್ದಿ ಕೇಳಿ ಕತ್ರಿಗುಪ್ಪೆಯ ನಮ್ಮ ಬೀಗರು ಫೋನು ಮಾಡಿ, "ಏನ್ ಸ್ವಾಮಿ, ನಿಮ್ಮಿಂದ ಊರೆಲ್ಲ ತಣ್ಣೀರು ಹುಯ್ಕೊಳ್ಳೋ ಹಾಗಾಯ್ತಲ್ಲ" ಎಂದು ಛೇಡಿಸಿದ್ದಾರೆ. ಬೀಗರ ಬಾಯಿಗೆ ಬಿದ್ದವನ ಪಾಡು ತಾವು ಯಾವ ಮೀಟರಿನಿಂದ ಅಳೆಯುತ್ತೀರೋ ಕಾಣೆ.

ಇಷ್ಟು ದೊಡ್ಡ ವಿದ್ವಾಂಸರನ್ನು ತಿದ್ದುವಷ್ಟು ನಾನು ಓದಿದವನಲ್ಲ. ಆದ್ದರಿಂದ ವರದಿಯನ್ನು ಹಾಗೇ ಇಟ್ಟು, ಲೋಕವನ್ನೇ ಅದಕ್ಕೆ ಹೊಂದಿಸಿಕೊಡಬೇಕೆಂದು ಕೋರುತ್ತೇನೆ. ದೀಪಾವಳಿಯ ದಿನ ಮಾತ್ರ ಸೂರ್ಯನು ಬೆಳಗಿನ ಜಾವವೇ ಡ್ಯೂಟಿಗೆ ಬರುವಂತೆ ತಮ್ಮ ಕೇಂದ್ರದಿಂದ ಒಂದು ಸುತ್ತೋಲೆ ಹೊರಡಲಿ. ಆಗದಿದ್ದರೆ ನರಕಾಸುರನ ಸಂಹಾರವನ್ನಾದರೂ ಊಟದ ಹೊತ್ತಿಗೆ ಮುಂದೂಡಿ. ಅದೂ ಆಗದಿದ್ದರೆ, ಹಬ್ಬದ ಸಂಜೆ ಟ್ಯಾಂಕಿನ ವಾಲ್ವ್ ಮುಟ್ಟಬೇಡವೆಂದು ಗೌರಮ್ಮನಿಗೆ ತಾವೇ ಖುದ್ದಾಗಿ ಬಂದು ಹೇಳಿ. ಮದುವೆಯಾದಾಗಿನಿಂದ ಆ ಕೆಲಸಕ್ಕೆ ಒಬ್ಬ ಧೈರ್ಯವಂತರನ್ನು ಹುಡುಕುತ್ತಿದ್ದೇನೆ.

ತಮಾಷೆ ಸಾಕು. ಮಾನ್ಯರೇ, ಸೂರ್ಯನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ವರ್ಷವಿಡೀ ಅವನ ನೀರಿನಲ್ಲೇ ಮೀಯುತ್ತೇನೆ. ಆದರೆ ಆ ಒಂದು ಬೆಳಿಗ್ಗೆ ನೀರು ಕಾಯಿಸಿದ್ದು ನನ್ನ ಹೆಂಡತಿ. ಅದನ್ನು ಇನ್ನೊಬ್ಬರ ಹೆಸರಿಗೆ ಬರೆದದ್ದು ಓದಿ ನನಗೆ ನಿಜವಾಗಿ ನೋವಾಯಿತು. ಅದೇ ಸುಳ್ಳಿನ ಮೇಲೆ ಊರಿನವರ ಬಿಸಿನೀರಿಗೂ ಕುತ್ತು ತರುತ್ತೀರಲ್ಲ ಎಂದು ಸಿಟ್ಟೂ ಬಂತು. ಶಿಫಾರಸು ಸರ್ಕಾರಕ್ಕೆ ಹೋಗುವ ಮೊದಲು ಒಂದು ಸಾಲು ತಿದ್ದಿ, ಅಷ್ಟೇ ಸಾಕು.

ತಮ್ಮ ವಿಶ್ವಾಸಿಯೂ, ತಮ್ಮ ಕೃಪೆಯಿಂದ ಮಾದರಿ ಮನೆಯ ಯಜಮಾನನೂ ಆದ,
ಚಿಕ್ಕಬೈರಪ್ಪ

ತಾ.ಕ.: ಈ ಕಾಗದವನ್ನು ಗೌರಮ್ಮ ಓದಿದಳು. ಅವಳಿಗೆ ತಮ್ಮ ಮೇಲೆ ಕೋಪವೇನೂ ಇಲ್ಲ. ಬರುವ ದೀಪಾವಳಿಗೆ ತಾವು ನಸುಕಿನಲ್ಲೇ ನಮ್ಮ ಮನೆಗೆ ಬರಬೇಕಂತೆ, ತನ್ನ ಕೈಯಾರೆ ತಮ್ಮ ನೆತ್ತಿಗೆ ಪಾವು ಎಣ್ಣೆ ತಟ್ಟುತ್ತಾಳಂತೆ. ವರದಿ ತಿದ್ದಿದ್ದರೆ ತಮಗೆ ಹಂಡೆಯ ನೀರು. ತಿದ್ದದಿದ್ದರೆ, ತಾವೇ ಬರೆದಿದ್ದೀರಲ್ಲ, ಸೋಲಾರ್ ಟ್ಯಾಂಕಿನದು.