ಐದನೇ ಪಾಠಕ್ಕೆ ಬೀಗ

ಏಯ್, ಮಹಡಿ ಮೇಲೆ ಬಟ್ಟೆ ಒಣಗಿಸ್ತಿರೋರೇ, ಕೆಳಗೆ ಸ್ಕೂಟರ್ ಒರೆಸ್ತಿರೋರೇ! ಕೈಲಿರೋ ಕೆಲಸ ಬಿಟ್ಟು ಇತ್ತ ಕಿವಿ ಕೊಡಿ. ನಮ್ಮ ಭಾವ ವಾಷಿಂಗ್ ಮೆಷಿನ್ ರಿಪೇರಿ ಕಲಿತ ಕಥೆ ಇದು!

ಭಾನುವಾರ ಬೆಳಗ್ಗೆ ಮೆಷಿನ್ ಅರ್ಧಕ್ಕೇ ನಿಂತಿತು. ಬಾಗಿಲು ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಒಳಗೆ ಅಕ್ಕನ ಎರಡೂ ನರ್ಸ್ ಯೂನಿಫಾರ್ಮ್ ಗಾಜಿಗೆ ಮುಖ ಒತ್ತಿಕೊಂಡು ಹೊರಗೆ ನೋಡುತ್ತಿದ್ದವು. ಮರುದಿನ ಆಸ್ಪತ್ರೆಯಲ್ಲಿ ತಪಾಸಣೆ. ಯೂನಿಫಾರ್ಮ್ ಇಲ್ಲದೆ ಹೋದರೆ ಅವಳಿಗೆ ಬರಬೇಕಿದ್ದ ವಾರ್ಡಿನ ಉಸ್ತುವಾರಿ ಕೈತಪ್ಪುತ್ತಿತ್ತು.

"ರೀ, ಮೆಕ್ಯಾನಿಕ್‌ಗೆ ಫೋನ್ ಮಾಡಿ."

"ಮೆಕ್ಯಾನಿಕ್ಕಾ! ಜಗತ್ತಿನ ವಿದ್ಯೆಯೆಲ್ಲ ಆನ್‌ಲೈನಲ್ಲಿ ಪುಕ್ಕಟೆ ಬಿದ್ದಿರೋವಾಗ? ಸಂಜೆಯೊಳಗೆ ನಾನೇ ಮೆಕ್ಯಾನಿಕ್ಕು, ನೋಡ್ತಿರು!"

ಭಾವ ಉಚಿತ ಕೋರ್ಸಿಗೆ ಸೇರಿಯೇಬಿಟ್ಟರು. ಪಾಠಗಳೇನೋ ಬೊಂಬಾಟ್! ಕಲಿಸುವ ಹೆಂಗಸು ಒಂದೊಂದು ಸ್ಕ್ರೂವನ್ನೂ ಮಗುವಿನ ಹಾಲುಹಲ್ಲಿನಂತೆ ನಾಜೂಕಾಗಿ ಬಿಡಿಸಿ ತೋರಿಸುತ್ತಿದ್ದರು. ನಾಲ್ಕು ಪಾಠ ಮುಗಿಯುವಷ್ಟರಲ್ಲಿ ಮೆಷಿನ್ನಿನ ಬೆನ್ನು ಬಟಾಬಯಲು! ಐದನೆಯ ಪಾಠವೇ "ಸಿಕ್ಕಿಕೊಂಡ ಬಾಗಿಲು ತೆರೆಯುವುದು".

ಅದಕ್ಕೆ ಬೀಗ!

ಬಿಚ್ಚಿದ ಮೆಷಿನ್ನಿನ ಫೋಟೊ ಕಳಿಸಬೇಕಂತೆ. ಮೂವರು ಸಹಪಾಠಿಗಳು ಅಂಕ ಕೊಡಬೇಕಂತೆ. ಸರಾಸರಿ ಆರು ಬಂದರಷ್ಟೇ ಪಾಠ ತೆರೆಯುತ್ತದಂತೆ. ನಾವೂ ಬೇರೆಯವರ ಕೆಲಸಕ್ಕೆ ಅಂಕ ಕೊಡಬೇಕು. ಹೆಸರು ಕಾಣುವುದಿಲ್ಲ, ಬರೀ ಫೋಟೊ.

ಭಾವ ಇದ್ದುದರಲ್ಲೇ ಅಂದವಾದ ಮೂಲೆಯೊಂದರ ಫೋಟೊ ಕಳಿಸಿ ಕಾದರು. ಮಧ್ಯಾಹ್ನ ಕಳೆದರೂ ಒಬ್ಬ ಪುಣ್ಯಾತ್ಮನೂ ಅಂಕ ಹಾಕಲಿಲ್ಲ. ಅಷ್ಟರಲ್ಲಿ ಅವರ ಪಾಲಿಗೊಂದು ಫೋಟೊ ಬಂತು. ಕಾಫಿ ಲೋಟದ ತುಂಬ ಸ್ಕ್ರೂ, ದಿಂಬಿನ ಮೇಲೆ ಪೈಪು, ಎಲ್ಲ ಚೆಲ್ಲಾಪಿಲ್ಲಿ! ಭಾವನೊಳಗಿನ ಮೇಷ್ಟ್ರು ಸೆಟೆದು ನಿಂತರು. ಹತ್ತಕ್ಕೆ ಒಂದು ಕೊಟ್ಟು ಕೆಳಗೆ ಬರೆದರು: "ಇಂಥವರ ಕೈಗೆ ಸ್ಕ್ರೂಡ್ರೈವರ್ ಕೊಟ್ಟದ್ದು ಯಾರು? ಮನೆಯವರ ಗತಿ ದೇವರೇ ಬಲ್ಲ!"

ಎರಡೇ ನಿಮಿಷ. ಅಕ್ಕ ಫೋನ್ ಹಿಡಿದು ಕೋಣೆಯಿಂದ ಬಂದಳು.

"ಹಾಳಾದೋನು! ಫೇಲ್ ಮಾಡ್ಬಿಟ್ಟ ಕಣ್ರೀ."

"ಅಯ್ಯೋ, ನೀನ್ಯಾವಾಗ ಸೇರಿದ್ಯೇ?"

"ನಿಮ್ದು ತೆರೀದಿದ್ರೆ ನಂದಾದ್ರೂ ತೆರೀಲಿ ಅಂತ ಸೇರ್ಕೊಂಡೆ. ನೀವು ಊಟಕ್ಕೆ ಕೂತಾಗ ನೀವು ಬಿಚ್ಚಿಟ್ಟಿದ್ದನ್ನೇ ಫೋಟೊ ತೆಗೆದು ಕಳಿಸ್ದೆ. ಇಬ್ಬರು ಎಂಟೆಂಟು ಕೊಟ್ಟಿದ್ರು. ಮೂರನೇಯೋನು ಒಂದು ಕೊಟ್ಟು ಮುಳುಗಿಸ್ದ. ಏನು ಬರ್ದಿದಾನೆ ಓದ್ಲಾ?"

"ಬೇಡ," ಎಂದರು ಭಾವ. "ನಂಗೆ ಬಾಯಿಪಾಠ ಇದೆ."

ಮೆಕ್ಯಾನಿಕ್‌ಗೆ ಅವರೇ ಫೋನ್ ಮಾಡಿದರು. ಆತ ಬಂದು ನೀರು ಬಸಿದ, ಕೆಳಗಿನ ಪುಟ್ಟ ಮುಚ್ಚಳದೊಳಗೆ ಕೈಯಿಟ್ಟು ಬಾಗಿಲು ಬಿಡಿಸೋಕೆಂದೇ ಇರುವ ದಾರವೊಂದನ್ನು ಎಳೆದ. ಟಕ್! ಬಾಗಿಲು ತೆರೆಯಿತು.

ಸಂಜೆ ಭಾವ ಬಚ್ಚಲಲ್ಲಿ ಕುಕ್ಕುರುಗಾಲಲ್ಲಿ ಕೂತು ಯೂನಿಫಾರ್ಮ್ ಒಗೆದು, ಹಿಂಡಿ, ಎತ್ತಿ ತೋರಿಸಿದರು. ಅಕ್ಕ ಕಾಲರ್ ತಿರುಗಿಸಿ ನೋಡಿದಳು.

"ಐದು."

"ಇನ್ನಿಬ್ಬರು ಅಂಕ ಕೊಡ್ಬೇಕಲ್ವೇನೇ?"

"ಈ ಕೋರ್ಸಿಗೆ ನಾನೊಬ್ಬಳೇ."

ಭಾವ ಕಾಲರಿಗೆ ಮತ್ತೆ ಸೋಪು ಹಚ್ಚಿದರು.